ಹತ್ತಿ ಎಲೆಯಲ್ಲಿ ಒಂದು ಪ್ರಶ್ನೆ: ಬೇಸಿಗೆ ಶಿಬಿರದಲ್ಲಿ ಡಿಎನ್‌ಎ ಪ್ರಯೋಗ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ಬರುವ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಎಂಟು ದಿನಗಳ ವಿಜ್ಞಾನ ಶಿಬಿರವಿದೆ. ಒಂಬತ್ತು ಮತ್ತು ಹತ್ತನೇ ತರಗತಿಯ 24 ಮಕ್ಕಳಿಗೆ ಡಿಎನ್‌ಎ ಪ್ರಯೋಗಾಲಯದ ಕೆಲಸ ಕಲಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಬಾಳೆಹಣ್ಣಿನಿಂದ ಡಿಎನ್‌ಎ ತೆಗೆದು ತೋರಿಸುವುದು ನನಗೆ ಗೊತ್ತು. ಅದರಾಚೆ ಮಕ್ಕಳು ಕೈಯಾರೆ ಏನು ಮಾಡಬಹುದು? ಬೆಳಗುವ ಬ್ಯಾಕ್ಟೀರಿಯಾ ತಯಾರಿಸುವ ಕಿಟ್ ತರಿಸೋಣ ಎಂದು ಒಬ್ಬರು, ಮಕ್ಕಳ ಎಂಜಲಿನಿಂದ ಅವರವರ ಡಿಎನ್‌ಎಯನ್ನೇ ಪರೀಕ್ಷಿಸೋಣ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ನಮ್ಮ ಬಳಿ ಹಣ ಹೆಚ್ಚಿಲ್ಲ.

ಉತ್ತರ: ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚಿನದನ್ನೇ ಮಾಡಬಹುದು. ಎಲೆಯಿಂದ ಡಿಎನ್‌ಎ ತೆಗೆಯುವುದು, ಅದರ ಒಂದು ತುಣುಕನ್ನು ಪಿಸಿಆರ್ ಎಂಬ ವಿಧಾನದಲ್ಲಿ ಕೋಟಿಗಟ್ಟಲೆ ಪ್ರತಿ ಮಾಡುವುದು, ಆ ತುಣುಕುಗಳನ್ನು ಜೆಲ್ ಎಂಬ ಲೋಳೆಗಟ್ಟಿಯೊಳಗೆ ವಿದ್ಯುತ್ತಿನಿಂದ ಓಡಿಸಿ ಉದ್ದ ನೋಡುವುದು, ಈ ಮೂರನ್ನೂ ಹದಿನಾಲ್ಕು ಹದಿನೈದರ ಮಕ್ಕಳು ತಾವೇ ಮಾಡಬಲ್ಲರು. ಆದರೆ ಎಂಟು ದಿನಕ್ಕೆ ಎಂಟು ತಂತ್ರ ಎಂದು ಪಟ್ಟಿ ಹಾಕಿಕೊಳ್ಳಬೇಡಿ. ಹಾಗೆ ಮಾಡಿದ ಶಿಬಿರಗಳಲ್ಲಿ ಶಿಕ್ಷಕರು ಮಾಡುತ್ತಾರೆ, ಮಕ್ಕಳು ಸುತ್ತ ನಿಂತು ನೋಡುತ್ತಾರೆ. ಕೊನೆಯ ದಿನ ಪ್ರಮಾಣಪತ್ರ ಸಿಗುತ್ತದೆ, ಕೈಗೆ ಏನೂ ಬಂದಿರುವುದಿಲ್ಲ. ಒಂದು ಪ್ರಶ್ನೆಯನ್ನು ಹಿಡಿಯಿರಿ, ಅದರ ಬೆನ್ನು ಹತ್ತಲು ಬೇಕಾದ ಮೂರು ತಂತ್ರಗಳನ್ನಷ್ಟೇ ಕಲಿಸಿ, ಮತ್ತು ಪ್ರತಿ ಹಂತದಲ್ಲೂ 'ಇದು ನಿಜವೆಂದು ನನಗೆ ಹೇಗೆ ಗೊತ್ತು?' ಎಂದು ಕೇಳುವ ಅಭ್ಯಾಸ ಮಾಡಿಸಿ. ನನ್ನ ಸಲಹೆಯ ಸಾರವೆಲ್ಲ ಇಷ್ಟೇ. ಮುಂದಿನದು ಅದನ್ನು ನಡೆಸುವ ಬಗೆ.

ಪ್ರಶ್ನೆಯನ್ನು ನಮ್ಮ ಸೀಮೆಯಲ್ಲೇ ಹುಡುಕಿ. ಹೆಗ್ಗಡದೇವನಕೋಟೆ, ನಂಜನಗೂಡು ಕಡೆ ಮುಂಗಾರಿಗೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲೇ, ಹತ್ತಿ ಬಿತ್ತುತ್ತಾರೆ. ಅಲ್ಲಿನ ಹತ್ತಿ ಹೆಚ್ಚುಕಡಿಮೆ ಎಲ್ಲವೂ ಬಿಟಿ ಹತ್ತಿ. ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯನ್ನು ಸೇರಿಸಿದ ಈ ಬೆಳೆಗೆ ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಇನ್ನೊಂದು ಬಗೆಯ ಹತ್ತಿಯೂ ನಮ್ಮಲ್ಲಿದೆ. ದೇವರ ದೀಪದ ಬತ್ತಿಗೆಂದು ಹಿತ್ತಲಲ್ಲಿ, ಗುಡಿಯ ಪಕ್ಕದಲ್ಲಿ ವರ್ಷಗಟ್ಟಲೆ ಬೆಳೆದು ನಿಂತಿರುವ ಹಳೆಯ ಹತ್ತಿ ಗಿಡ. ಎರಡರ ಎಲೆಯನ್ನೂ ಮಕ್ಕಳ ಮುಂದಿಡಿ, ಜೊತೆಗೆ ಹೆಸರಿಲ್ಲದ ಮೂರನೆಯ ಎಲೆಯನ್ನೂ ಇಡಿ. 'ಈ ಮೂರನೆಯದು ಬಿಟಿಯೋ ಅಲ್ಲವೋ?' ಎಂಟು ದಿನಕ್ಕೆ ಈ ಒಂದು ಪ್ರಶ್ನೆ ಸಾಕು. ಎಲೆ ನೋಡಿ ಹೇಳಲಾಗದು, ರೈತರೂ ಕಣ್ಣಳತೆಯಲ್ಲಿ ಹೇಳಲಾರರು. ಡಿಎನ್‌ಎ ಮಟ್ಟಕ್ಕೆ ಇಳಿಯಲೇಬೇಕು. ಕಲಿಯುವ ತಂತ್ರಕ್ಕೆ ಅಲ್ಲೊಂದು ಕಾರಣ ಸಿಗುತ್ತದೆ.

ಮೊದಲ ದಿನ ಡಿಎನ್‌ಎ ಮಾತೇ ಬೇಡ. ದಿನವೆಲ್ಲ ಮೈಕ್ರೋಪಿಪೆಟ್, ಅಂದರೆ ಹೆಬ್ಬೆರಳಿನಿಂದ ಗುಂಡಿ ಒತ್ತಿ ಅತಿ ಸಣ್ಣ ಹನಿಗಳನ್ನು ಅಳೆದು ಹಾಕುವ ಉಪಕರಣ. ಈ ಕೆಲಸದಲ್ಲಿ ನಾವು ಅಳೆಯುವುದು ಮೈಕ್ರೋಲೀಟರ್‌ಗಳಲ್ಲಿ, ಅಂದರೆ ಮಿಲಿಲೀಟರ್‌ನ ಸಾವಿರದಲ್ಲೊಂದು ಪಾಲು. ಎರಡು ಮೈಕ್ರೋಲೀಟರ್ ಎಂದರೆ ಗುಂಡುಸೂಜಿಯ ತಲೆಯಷ್ಟು ಹನಿ. ಇದನ್ನು ತಪ್ಪಿಲ್ಲದೆ ಎತ್ತಿ ಬಿಡಲು ಬಾರದವರಿಗೆ ಪಿಸಿಆರ್ ಬರುವುದಿಲ್ಲ. ಗುಂಡಿಗೆ ಎರಡು ತಡೆಗಳಿವೆ. ಮೊದಲ ತಡೆಯ ತನಕ ಒತ್ತಿ, ತುದಿಯನ್ನು ದ್ರವದಲ್ಲಿ ಸ್ವಲ್ಪವೇ ಅದ್ದಿ, ಹೆಬ್ಬೆರಳನ್ನು ನಿಧಾನವಾಗಿ ಸಡಿಲಿಸಬೇಕು. ಬಿಡುವಾಗ ಎರಡನೆಯ ತಡೆಯ ತನಕ ಒತ್ತಬೇಕು. ಎತ್ತುವಾಗಲೇ ಎರಡನೆಯ ತಡೆಗೆ ಹೋಗುವುದು ಎಲ್ಲ ಹೊಸಬರೂ ಮಾಡುವ ತಪ್ಪು. ಹೆಬ್ಬೆರಳನ್ನು ಫಟ್ಟನೆ ಬಿಟ್ಟರೆ ದ್ರವ ಉಪಕರಣದೊಳಕ್ಕೆ ಚಿಮ್ಮುತ್ತದೆ. ದ್ರವವಿರುವ ಪಿಪೆಟ್ಟನ್ನು ಮಲಗಿಸಲೂಬಾರದು.

ಅಭ್ಯಾಸಕ್ಕೆ ನನ್ನ ಮೆಚ್ಚಿನ ವಿಧಾನ ಚುಕ್ಕಿ ರಂಗೋಲಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ಚುಕ್ಕಿಗಳ ಚೌಕವನ್ನು ಬರೆದ ಕಾಗದ ಇಟ್ಟು, ಪ್ರತಿ ಚುಕ್ಕಿಯ ಮೇಲೆ ಬಣ್ಣದ ನೀರಿನ ಐದು ಮೈಕ್ರೋಲೀಟರ್ ಹನಿ ಇಡಿಸಿ, ಆಮೇಲೆ ಎರಡು ಮೈಕ್ರೋಲೀಟರ್‌ಗೆ ಇಳಿಸಿ. ಒಂದು ಹನಿ ದಪ್ಪ, ಒಂದು ಸಣ್ಣ ಆದರೆ ಸಾಲಿನಲ್ಲೇ ಎದ್ದು ಕಾಣುತ್ತದೆ. ಯಾರೂ ತಪ್ಪು ತೋರಿಸಬೇಕಿಲ್ಲ. ಚಿಕ್ಕಂದಿನಿಂದ ಅಂಗಳದಲ್ಲಿ ಎಳೆ ಹಿಡಿದ ಹುಡುಗಿಯರು ಇಲ್ಲಿ ಹುಡುಗರನ್ನು ಬೇಗ ಹಿಂದೆ ಹಾಕುತ್ತಾರೆ, ಹುಡುಗರು ಅದನ್ನು ನೋಡುವುದೂ ಒಳ್ಳೆಯದೇ. ಆಮೇಲೆ ತೂಕದ ಪರೀಕ್ಷೆ. ನೂರು ಮೈಕ್ರೋಲೀಟರ್ ನೀರು ಹತ್ತು ಬಾರಿ ಹಾಕಿದರೆ ಒಂದು ಗ್ರಾಂ ಆಗಬೇಕು. ಇದಕ್ಕೆ ಗ್ರಾಮಿನ ನೂರರಲ್ಲೊಂದು ಪಾಲು ತೋರಿಸುವ ತಕ್ಕಡಿ ಸಾಕು. ಅಶೋಕ ರಸ್ತೆಯ ಚಿನ್ನದಂಗಡಿಗಳಲ್ಲಿ ಬಳಸುವಂಥದ್ದು ಧಾರಾಳವಾಗಿ ಆಗುತ್ತದೆ. 0.98 ಬಂದ ಮಗುವಿಗೂ 0.91 ಬಂದ ಮಗುವಿಗೂ ತಾವು ಎಲ್ಲಿದ್ದೇವೆಂದು ಗೊತ್ತಾಗುತ್ತದೆ. ಎರಡನೆಯ ಮಗುವಿಗೆ ಮಧ್ಯಾಹ್ನವೆಲ್ಲ ಸಮಯ ಕೊಡಿ.

ಮಂಡ್ಯದ ಮಕ್ಕಳಿಗೆ ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿಸಿ ಇಂಡಾಫ್ ತಳಿಗಳನ್ನು ಹೊರತಂದದ್ದು ಪಿಸಿಆರ್ ಎಂಬುದು ಹುಟ್ಟುವುದಕ್ಕೂ ಮೊದಲು. ರಾಗಿಯ ಹೂವು ಕಣ್ಣಿಗೆ ನೆಟ್ಟಗೆ ಕಾಣದಷ್ಟು ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದ್ದು. ಸಂಕರವಾದ ಗಿಡ ಯಾವುದು, ಆಗದ ಗಿಡ ಯಾವುದು ಎಂದು ಸಾವಿರಾರು ಗಿಡಗಳ ನಡುವೆ ಕಣ್ಣಿಂದಲೇ ಆರಿಸಬೇಕಿತ್ತು. ತಳಿವಿಜ್ಞಾನ ಈ ಜಿಲ್ಲೆಗೆ ಹೊರಗಿನಿಂದ ಕಿಟ್ ರೂಪದಲ್ಲಿ ಬಂದದ್ದಲ್ಲ ಎಂದು ಮಕ್ಕಳು ತಿಳಿಯಲಿ.

ಎರಡನೆಯ ದಿನ ಜೆಲ್, ಇನ್ನೂ ಡಿಎನ್‌ಎ ಇಲ್ಲದೆ. ಅಡುಗೆಗೆ ಬಳಸುವ ಚೈನಾ ಗ್ರಾಸ್ ಸಮುದ್ರ ಪಾಚಿಯಿಂದ ತೆಗೆದ ಅಗರ್. ಪ್ರಯೋಗಾಲಯದ ಅಗರೋಸ್ ಅದರದೇ ಶುದ್ಧ ಭಾಗ. ನೂರು ಮಿಲಿಲೀಟರ್ ದ್ರಾವಣಕ್ಕೆ ಒಂದು ಗ್ರಾಂ ಹಾಕಿ ಕುದಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹುಯ್ದು, ರಟ್ಟಿನ ಹಲ್ಲುಗಳಿಂದ ಗುಳಿ ಮೂಡಿಸಿ. ದ್ರಾವಣವೆಂದರೆ ಲೀಟರಿಗೆ ಎರಡು ಗ್ರಾಂ ಅಡುಗೆ ಸೋಡಾ. ಒಂಬತ್ತು ವೋಲ್ಟಿನ ಐದು ಬ್ಯಾಟರಿಗಳನ್ನು ಸಾಲಾಗಿ ಸೇರಿಸಿದರೆ 45 ವೋಲ್ಟ್ ಸಿಗುತ್ತದೆ. ವಿದ್ಯುದ್ವಾರಗಳಿಗೆ ಹಳೆಯ ಸೆಲ್‌ಗಳ ಇಂಗಾಲದ ಕಡ್ಡಿ ಅಥವಾ ಪೆನ್ಸಿಲಿನ ಸೀಸ ಬಳಸಿ. ಸ್ಟೀಲ್ ತಂತಿ ಬೇಡ. ಧನ ಧ್ರುವದಲ್ಲಿ ಸ್ಟೀಲ್ ಕರಗಿ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ, ಅನೇಕ ಸೂಚನಾಪತ್ರಗಳು ಈ ವಿಷಯವನ್ನು ಹೇಳುವುದಿಲ್ಲ. ಮನೆಯ ಕರೆಂಟನ್ನು ಪರಿವರ್ತಿಸಿ ಕೊಡುತ್ತೇನೆಂದು ಮುಂದೆ ಬರುವ ಉತ್ಸಾಹಿಗಳನ್ನು ಕೈಮುಗಿದು ಕಳುಹಿಸಿ.

ಗುಳಿಗಳಿಗೆ ತಿಂಡಿಯ ಬಣ್ಣಗಳನ್ನು ಹಾಕಿ, ಹನಿ ತಳಕ್ಕೆ ಕೂರಲು ಸ್ವಲ್ಪ ಗ್ಲಿಸರಿನ್ ಬೆರೆಸಿ. ಒಂದು ಗುಳಿಗೆ ಮಾತ್ರ ಅಕ್ವೇರಿಯಂ ಅಂಗಡಿಯ ಮೆಥಿಲೀನ್ ಬ್ಲೂ. ಗುಳಿಗಳ ಸಾಲು ಜೆಲ್‌ನ ನಡುವೆ ಇರಲಿ. ತಿಂಡಿಯ ಬಣ್ಣಗಳು ಋಣ ವಿದ್ಯುದಂಶದವು, ಧನ ಧ್ರುವದತ್ತ ಹೊರಡುತ್ತವೆ. ಮೆಥಿಲೀನ್ ಬ್ಲೂ ಮಾತ್ರ ಎದುರು ದಿಕ್ಕಿಗೆ ಹೋಗುತ್ತದೆ. ಏಕೆ ಎಂದು ನೀವು ಹೇಳಬೇಡಿ. ತಂತಿಗಳನ್ನು ಅದಲುಬದಲು ಮಾಡಿ ನೋಡುತ್ತೇವೆ ಎಂದು ಯಾರಾದರೂ ಕೇಳುತ್ತಾರೆ, ಆಗ ಬಿಡಿ. ಆ ಹೊತ್ತಿಗೆ ಡಿಎನ್‌ಎಯ ಬೆನ್ನೆಲುಬಿನಲ್ಲಿ ಫಾಸ್ಫೇಟುಗಳಿವೆ, ಅವು ಋಣ ಎಂದು ಹೇಳಿದರೆ ಅದು ಯಾವ ಕಡೆ ಓಡುತ್ತದೆಂದು ಮಕ್ಕಳೇ ಹೇಳುತ್ತಾರೆ. ಮೇಲುಕೋಟೆಯ ವೈರಮುಡಿ ಜನಸಂದಣಿಯಲ್ಲಿ ಪುಟ್ಟ ಮಕ್ಕಳು ನುಸುಳಿ ಮುಂದೆ ಹೋಗಿ, ದೊಡ್ಡವರು ಹಿಂದೆ ಉಳಿಯುವಂತೆ ಸಣ್ಣ ತುಣುಕು ಜೆಲ್‌ನಲ್ಲಿ ದೂರ ಓಡುತ್ತದೆ, ದೊಡ್ಡದು ಹಿಂದೆ ನಿಲ್ಲುತ್ತದೆ. ಇಷ್ಟು ಗೊತ್ತಾದರೆ ಜೆಲ್ ಗೊತ್ತಾದಂತೆ.

ಮೂರನೆಯ ದಿನಕ್ಕೆ ನಿಮ್ಮ ಬಾಳೆಹಣ್ಣು ಬರಲಿ, ಆದರೆ ಬೇರೆ ಬಗೆಯಲ್ಲಿ. ಹಣ್ಣು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ದ್ರವ ಬೆರೆಸಿ, ಸೋಸಿ, ಅದರ ಮೇಲೆ ತಣ್ಣನೆಯ ಆಲ್ಕೋಹಾಲ್ ಬಿಟ್ಟರೆ ಬಿಳಿಯ ನೂಲು ಏಳುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿ 'ಇದೇ ಡಿಎನ್‌ಎ' ಎನ್ನುತ್ತಾರೆ. ಇದು ಅರ್ಧ ಸತ್ಯ. ಅದರೊಳಗೆ ಡಿಎನ್‌ಎ ಇದೆ, ಆದರೆ ಕಣ್ಣಿಗೆ ಕಾಣುವ ಮುದ್ದೆಯಲ್ಲಿ ಹಣ್ಣಿನ ಪೆಕ್ಟಿನ್, ಪ್ರೋಟೀನ್, ಆರ್‌ಎನ್‌ಎ ಕೂಡ ಸಾಕಷ್ಟು ಇರುತ್ತದೆ. ಆಲ್ಕೋಹಾಲಿನಲ್ಲಿ ಪೆಕ್ಟಿನ್ ಸಹ ಹೀಗೇ ಬಿಳಿಯಾಗಿ ಬೇರೆಯಾಗುತ್ತದೆ. ಆದ್ದರಿಂದ ಪಕ್ಕದಲ್ಲೇ ಇನ್ನೊಂದು ಲೋಟದಲ್ಲಿ ಜಾಮ್ ಮಾಡುವ ಪೆಕ್ಟಿನ್ ಪುಡಿಯ ದ್ರಾವಣ ಇಟ್ಟು, ಅದಕ್ಕೂ ಆಲ್ಕೋಹಾಲ್ ಹಾಕಿಸಿ. ಅಲ್ಲೂ ಬಿಳಿ ಏಳುತ್ತದೆ. ಮಕ್ಕಳ ಮುಖ ನೋಡಿ ಆಗ. 'ಹಾಗಾದರೆ ನಾವು ತೆಗೆದದ್ದು ಏನು?' ಎಂಬ ಮಾತು ಬಂದರೆ ನಿಮ್ಮ ಶಿಬಿರ ಗೆದ್ದಿತು. ಉಳಿದ ಐದು ದಿನ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ.

1869ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಫ್ರೀಡ್ರಿಕ್ ಮೀಶರ್ ಎದುರಿಸಿದ್ದೂ ಇದೇ ಸಂಶಯವನ್ನು. ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಆತ ಒಂದು ವಸ್ತುವನ್ನು ಬೇರ್ಪಡಿಸಿದ. ಅದು ಪ್ರೋಟೀನೇ ಇರಬಹುದೆಂಬ ಸಂಶಯ ಕಳೆಯಲು ಹಂದಿಯ ಜಠರದಿಂದ ತೆಗೆದ, ಪ್ರೋಟೀನ್ ಕರಗಿಸುವ ಕಿಣ್ವವನ್ನು ಬಳಸಿದ. ಅನಾನಸ್ ರಸದಲ್ಲೂ ಪಪ್ಪಾಯದ ಹಾಲಿನಲ್ಲೂ ಅಂಥ ಕಿಣ್ವಗಳಿವೆ. ನಿಮ್ಮ ಮಕ್ಕಳು ಒಂದು ಲೋಟಕ್ಕೆ ಅನಾನಸ್ ರಸ ಹಾಕಿ, ಇನ್ನೊಂದಕ್ಕೆ ಹಾಕದೆ ಹೋಲಿಸಬಹುದು. ಆಲ್ಕೋಹಾಲ್ ವಿಷಯ: ಶುದ್ಧ ಎಥನಾಲ್ ಕೊಳ್ಳುವುದಕ್ಕೆ ಅಬಕಾರಿ ನಿಯಮಗಳ ತೊಡಕಿದೆ, ಔಷಧಿ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ, ಬೆಂಕಿಯನ್ನು ಆ ಕೋಣೆಗೇ ತರಬೇಡಿ.

ನಾಲ್ಕನೆಯ ದಿನ ಹತ್ತಿ ಎಲೆ. ಇಲ್ಲಿ ನಾನು ಸೂಚಿಸುವ ವಿಧಾನ ಅಗ್ಗದ್ದು, ಅರ್ಧ ಗಂಟೆಯೊಳಗೆ ಮುಗಿಯುವಂಥದ್ದು. ಕಾಗದ ತೂತು ಮಾಡುವ ಪಂಚಿಂಗ್ ಯಂತ್ರದಿಂದ ಎಲೆಯ ಒಂದು ಬಿಲ್ಲೆ ತೆಗೆದು, ಪುಟ್ಟ ಪ್ರನಾಳದಲ್ಲಿ ನೂರು ಮೈಕ್ರೋಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದೊಡನೆ ಅರೆಯಬೇಕು. ನೂರು ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಹಾಕಿದರೆ ಬೇಕಾದ ಪ್ರಮಾಣ ಬರುತ್ತದೆ. ಅದರಿಂದ ಐದು ಮೈಕ್ರೋಲೀಟರ್ ತೆಗೆದು 495 ಮೈಕ್ರೋಲೀಟರ್ ಟ್ರಿಸ್ ಬಫರಿಗೆ, ಅಂದರೆ ಆಮ್ಲ-ಕ್ಷಾರದ ಹದ ಕಾಯುವ ದ್ರಾವಣಕ್ಕೆ, ಸೇರಿಸಿದರೆ ಕ್ಷಾರ ತಣಿದು ಡಿಎನ್‌ಎ ಪಿಸಿಆರ್‌ಗೆ ಸಿದ್ಧ. ಕ್ಷಾರ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕವಿಲ್ಲದ ಮಗು ಮೇಜಿನ ಬಳಿ ಬರಬಾರದು, ಈ ನಿಯಮಕ್ಕೆ ವಿನಾಯಿತಿ ಇಲ್ಲ, ಫೋಟೋ ತೆಗೆಯಲು ಬಂದ ಅತಿಥಿಗಳಿಗೂ ಇಲ್ಲ. ದ್ರಾವಣವನ್ನು ನೀವೇ ಮೊದಲೇ ತಯಾರಿಸಿ ಇಡಿ.

ಹತ್ತಿ ಸ್ವಲ್ಪ ಮೊಂಡು ಗಿಡ. ಎಲೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಗಾಸಿಪಾಲ್ ಎಂಬ ರಾಸಾಯನಿಕದ ಗ್ರಂಥಿಗಳು, ಕೀಟಗಳಿಂದ ರಕ್ಷಿಸಿಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು. ಅರೆದಾಗ ಇವೂ ಇತರ ಫೀನಾಲ್‌ಗಳೂ ಹೊರಬಂದು ರಸ ಕಂದಾಗುತ್ತದೆ, ಪಿಸಿಆರ್ ಕಿಣ್ವಕ್ಕೆ ಅಡ್ಡಿ ಮಾಡುತ್ತವೆ. ಆದ್ದರಿಂದ ಮೊಳಕೆಯ ಎಳೆ ಎಲೆಯನ್ನೇ ಬಳಸಿ, ಬೇಗ ಅರೆದು ಬೇಗ ಬಫರಿಗೆ ಸೇರಿಸಿ, ಕಂದು ಬಣ್ಣ ಬಂದದ್ದನ್ನು ಬಿಸಾಡಿ ಹೊಸದಾಗಿ ಮಾಡಿಸಿ. ಬತ್ತಿ ಹತ್ತಿಯ ಗಿಡ ದೊಡ್ಡದಾಗಿದ್ದರೆ ಅದರ ಚಿಗುರನ್ನೇ ಚಿವುಟಿ ತನ್ನಿ. ಇನ್ನೊಂದು ಎಚ್ಚರ: ಅಂಗಡಿಯಲ್ಲಿ ಸಿಗುವ ಬಿಟಿ ಬೀಜಕ್ಕೆ ಕೀಟನಾಶಕದ ಬಣ್ಣದ ಲೇಪವಿರುತ್ತದೆ. ಬಿತ್ತುವ ಕೆಲಸವನ್ನು ಕೈಗವಸು ಹಾಕಿಕೊಂಡು ನೀವು ಮಾಡಿ, ಮಕ್ಕಳ ಕೈಗೆ ಬೀಜ ಕೊಡಬೇಡಿ.

ಐದನೆಯ ದಿನ ಪಿಸಿಆರ್. ಇದರ ಮೇಲೆ ನಿಧಾನವಾಗಿ ನಿಲ್ಲಿ. ಕೇರಿ ಮಲ್ಲಿಸ್‌ಗೆ 1983ರಲ್ಲಿ ಹೊಳೆದು, 1993ರಲ್ಲಿ ನೊಬೆಲ್ ತಂದುಕೊಟ್ಟ ಉಪಾಯ ಇದು. 94 ಡಿಗ್ರಿಯಲ್ಲಿ ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಳ್ಳುತ್ತವೆ. ಸುಮಾರು 55ಕ್ಕೆ ಇಳಿದಾಗ ಪ್ರೈಮರ್‌ಗಳು, ಅಂದರೆ ನಾವು ಹುಡುಕುವ ಭಾಗದ ಎರಡು ತುದಿಗಳಿಗೆ ಹೊಂದುವ ಪುಟ್ಟ ತುಣುಕುಗಳು, ತಮ್ಮ ಜಾಗ ಹುಡುಕಿ ಕೂರುತ್ತವೆ. 72ರಲ್ಲಿ ಟ್ಯಾಕ್ ಕಿಣ್ವ ಅಲ್ಲಿಂದ ಹೊಸ ಎಳೆ ಹೆಣೆಯುತ್ತದೆ. ಒಂದು ಸುತ್ತಿಗೆ ಎರಡು ಪಟ್ಟು. ಮಕ್ಕಳು ತಾವೇ ಗುಣಿಸಲಿ: ಹತ್ತು ಸುತ್ತಿಗೆ 1,024, ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ, ಮೂವತ್ತಕ್ಕೆ ಲೆಕ್ಕದ ಪ್ರಕಾರ 107 ಕೋಟಿ. ಕುದಿಯುವ ನೀರಿಗೆ ಹತ್ತಿರದ ಬಿಸಿಯಲ್ಲೂ ಕೆಡದ ಈ ಕಿಣ್ವ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಗಳಲ್ಲಿ ಸಿಕ್ಕ ಬ್ಯಾಕ್ಟೀರಿಯಾದ್ದು. ಬ್ಯಾಕ್ಟೀರಿಯಾವನ್ನು 1960ರ ದಶಕದಲ್ಲಿ ಕಂಡುಹಿಡಿದವರಿಗೆ ಅದು ಮುಂದೆ ಇಂಥ ಕೆಲಸಕ್ಕೆ ಬರುತ್ತದೆಂಬ ಕಲ್ಪನೆಯೂ ಇರಲಿಲ್ಲ.

ನಿಮ್ಮ ಪ್ರಶ್ನೆಗೆ ಎರಡು ಜೋಡಿ ಪ್ರೈಮರ್ ಬೇಕು. ಬಿಟಿ ಹತ್ತಿಯಲ್ಲಿ ಸೇರಿಸಿದ ವಂಶವಾಹಿಯನ್ನು ಚಾಲೂ ಮಾಡುವ 35ಎಸ್ ಎಂಬ ಭಾಗ ಹೂಕೋಸಿನ ಒಂದು ವೈರಸ್‌ನಿಂದ ಬಂದದ್ದು. ಅದನ್ನು ಗುರುತಿಸುವ, ವ್ಯಾಪಕವಾಗಿ ಬಳಕೆಯಲ್ಲಿರುವ ಜೋಡಿಯೊಂದು 195 ಅಕ್ಷರಗಳ (ಡಿಎನ್‌ಎ ಎಳೆಯ ಘಟಕಗಳ) ತುಣುಕು ಕೊಡುತ್ತದೆ. ಎರಡನೆಯ ಜೋಡಿ ಎಲ್ಲ ಹಸಿರು ಗಿಡಗಳಲ್ಲೂ ಇರುವ ಆರ್‌ಬಿಸಿಎಲ್ ವಂಶವಾಹಿಯದು, ಸುಮಾರು 600 ಅಕ್ಷರಗಳ ತುಣುಕು. ಎರಡನೆಯದು ಏಕೆ? ಬತ್ತಿ ಹತ್ತಿಯಲ್ಲಿ 35ಎಸ್ ಪಟ್ಟೆ (ಪ್ರತಿಯಾದ ತುಣುಕುಗಳು ಜೆಲ್‌ನಲ್ಲಿ ಮೂಡಿಸುವ ಗೆರೆ) ಬರದಿದ್ದರೆ ಅದಕ್ಕೆ ಎರಡು ಅರ್ಥವಿರಬಹುದು. ಅದು ಬಿಟಿ ಅಲ್ಲ, ಇಲ್ಲವೇ ನಾವು ಡಿಎನ್‌ಎಯನ್ನೇ ತೆಗೆದಿಲ್ಲ. ಆರ್‌ಬಿಸಿಎಲ್ ಪಟ್ಟೆ ಬಂದಿದ್ದರೆ ಎರಡನೆಯ ಅನುಮಾನ ಹೋಗುತ್ತದೆ. ಪ್ರತಿ ಗುಂಪಿಗೆ ಗೊತ್ತಿರುವ ಬಿಟಿ, ಬತ್ತಿ ಹತ್ತಿ, ಹೆಸರಿಲ್ಲದ ಎಲೆ ಮತ್ತು ಬರೀ ನೀರು, ಹೀಗೆ ನಾಲ್ಕು. ಎರಡು ಜೋಡಿಗೆ ಎಂಟು ಪ್ರನಾಳ. ಮೂವರ ಎಂಟು ಗುಂಪುಗಳಿಗೆ 64. ಇಪ್ಪತ್ತೈದು ಮೈಕ್ರೋಲೀಟರಿನ ಪ್ರತಿ ಪ್ರನಾಳಕ್ಕೆ ಟ್ಯಾಕ್ ಕಿಣ್ವವಿರುವ ಸಿದ್ಧ ಮಿಶ್ರಣ 12.5 ಬೇಕು, ಒಟ್ಟು 800 ಮೈಕ್ರೋಲೀಟರ್. ಚೆಲ್ಲುವುದನ್ನೂ ಸೇರಿಸಿ ಒಂದು ಮಿಲಿಲೀಟರ್ ತರಿಸಿದರೆ ಆಯಿತು. ಮಿಶ್ರಣ, ಪ್ರೈಮರ್, ನೀರು ಮೂರನ್ನೂ ನೀವು ಬೆರೆಸಿ ಕೊಡಿ. ಮಕ್ಕಳು ಅದರಿಂದ 23, ಎಲೆಯ ಡಿಎನ್‌ಎಯಿಂದ 2 ಮೈಕ್ರೋಲೀಟರ್ ಹಾಕಲಿ. ರಂಗೋಲಿಯ ಚುಕ್ಕಿಯಷ್ಟೇ ಹನಿ, ಈಗ ಕೈ ನಡುಗುವುದಿಲ್ಲ.

ಬರೀ ನೀರಿನ ಪ್ರನಾಳವನ್ನು ದುಡ್ಡು ಉಳಿಸಲು ಬಿಟ್ಟುಬಿಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಅದರಲ್ಲಿ ಪಟ್ಟೆ ಬರಬಾರದು. ಬಂದರೆ ಯಾರದೋ ಪಿಪೆಟ್ ತುದಿಯಿಂದ ಡಿಎನ್‌ಎ ಸೇರಿಕೊಂಡಿದೆ ಎಂದರ್ಥ, ಆ ಗುಂಪಿನ ಉಳಿದ ಫಲಿತಾಂಶವನ್ನೂ ನಂಬುವಂತಿಲ್ಲ. ಎಂಟರಲ್ಲಿ ಒಂದೆರಡು ಗುಂಪಿಗೆ ಹೀಗಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಮಕ್ಕಳು ಅಳುಮುಖ ಮಾಡುತ್ತಾರೆ. ಅವರನ್ನು ಗದರಬೇಡಿ, 'ನಮ್ಮ ಫಲಿತಾಂಶ ನಂಬಲಾಗದು' ಎಂದು ತಾವೇ ಪುಸ್ತಕದಲ್ಲಿ ಬರೆಯುವಂತೆ ಮಾಡಿ, ಏಳನೆಯ ದಿನ ಮತ್ತೆ ಮಾಡಲು ಅವಕಾಶ ಕೊಡಿ. ಏಳನೆಯ ದಿನವನ್ನು ಪೂರ್ತಿ ಖಾಲಿ ಇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಆಯೋಜಕರು ಅಲ್ಲಿ ಉಪನ್ಯಾಸ ತುಂಬಲು ನೋಡುತ್ತಾರೆ, ಒಪ್ಪಬೇಡಿ.

ಪಿಸಿಆರ್ ಯಂತ್ರ ಸಿಗದಿದ್ದರೆ? ಬಯೋಟೆಕ್ನಾಲಜಿ ವಿಭಾಗವಿರುವ ಕಾಲೇಜುಗಳು ಮೈಸೂರಿನಲ್ಲೂ ಮಂಡ್ಯದಲ್ಲೂ ಇವೆ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯೂ ಹತ್ತಿರವಿದೆ. ಯಂತ್ರ ಎರವಲು ಕೊಡಿ ಎನ್ನುವುದಕ್ಕಿಂತ ಒಂದು ಮಧ್ಯಾಹ್ನ ನಿಮ್ಮ ಯಂತ್ರದಲ್ಲಿ ನಮ್ಮ 64 ಪ್ರನಾಳ ಇಡಲು ಬಿಡಿ ಎಂದು ಕೇಳಿ. ಎರಡು ಗಂಟೆಯ ಕೆಲಸ ಅದು, ಒಪ್ಪುವವರು ಸಿಗುತ್ತಾರೆ. ಯಂತ್ರ ಸಿಕ್ಕರೂ ಒಂದು ಗುಂಪು ಕೈಯಿಂದ ಪಿಸಿಆರ್ ಮಾಡಲಿ. ಯಂತ್ರ ಬರುವ ಮೊದಲು ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಮೂರು ಪಾತ್ರೆ ನೀರು, ಮೂರು ಥರ್ಮಾಮೀಟರ್, 94, 55, 72. ಪ್ರತಿ ಪ್ರನಾಳದ ಮೇಲೆ ಆವಿಯಾಗದಂತೆ ಒಂದು ಹನಿ ಮಿನರಲ್ ಆಯಿಲ್. ತೂತು ಕೊರೆದ ಸ್ಟೀಲ್ ತಟ್ಟೆಯಲ್ಲಿ ಪ್ರನಾಳಗಳನ್ನು ನಿಲ್ಲಿಸಿ, ಒಂದೊಂದು ಪಾತ್ರೆಯಲ್ಲೂ ಒಂದು ನಿಮಿಷದಂತೆ ಮೂವತ್ತು ಸುತ್ತು. ಬಿಸಿ ಪಾತ್ರೆಯ ಬಳಿ ಒಬ್ಬ ದೊಡ್ಡವರು ಇರಲೇಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ 94 ಎಂದರೆ ಕುದಿಯುವುದಕ್ಕೆ ಸ್ವಲ್ಪವೇ ಮುಂಚೆ. ಹೀಗೆ ಮಾಡಿದವರಿಗೆ ಯಂತ್ರದೊಳಗೆ ಏನು ನಡೆಯುತ್ತದೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ಆರನೆಯ ದಿನ ಜೆಲ್. ಈಗ ನಿಜವಾದ ಅಗರೋಸ್, ನೂರು ಮಿಲಿಲೀಟರಿಗೆ ಎರಡು ಗ್ರಾಂ, ಟಿಎಇ ಎಂಬ ಬಫರಿನಲ್ಲಿ, ಪಕ್ಕದ ಗುಳಿಯಲ್ಲಿ ಅಳತೆಪಟ್ಟಿ, ಅಂದರೆ ನೂರು, ಇನ್ನೂರು, ಮುನ್ನೂರು ಅಕ್ಷರ ಹೀಗೆ ಉದ್ದ ಗೊತ್ತಿರುವ ಡಿಎನ್‌ಎ ತುಣುಕುಗಳ ಮಿಶ್ರಣ. ಮುಚ್ಚಳ ತೆಗೆದರೆ ಕರೆಂಟ್ ತಾನಾಗಿ ಕಡಿಯುವ ಪೆಟ್ಟಿಗೆಯನ್ನೇ ಕೇಳಿ ತನ್ನಿ. ಕಾಲೇಜುಗಳಲ್ಲಿ ಬಣ್ಣಕ್ಕೆ ಎಥಿಡಿಯಂ ಬ್ರೋಮೈಡ್ ಕೊಡಬಹುದು. ಬೇಡ. ಅದು ಡಿಎನ್‌ಎಯೊಳಗೆ ನುಸುಳಿ ಕೂರುವ ವಸ್ತು, ನೋಡಲು ಅತಿನೇರಳೆ ಬೆಳಕೂ ಬೇಕು, ಎರಡೂ ಮಕ್ಕಳ ಶಿಬಿರಕ್ಕೆ ತಕ್ಕುದಲ್ಲ. ಮತ್ತೆ ಮೆಥಿಲೀನ್ ಬ್ಲೂ ಸಾಕು. ನೂರು ಮಿಲಿಲೀಟರಿಗೆ 0.025 ಗ್ರಾಂ ಕರಗಿಸಿ ಅರ್ಧ ಗಂಟೆ ನೆನೆಸಿ, ರಾತ್ರಿಯೆಲ್ಲ ನೀರಿನಲ್ಲಿ ಬಿಡಿ. ಸೂಕ್ಷ್ಮತೆ ಕಡಿಮೆ, ಆದರೆ ಪಿಸಿಆರ್ ತುಣುಕು ಕಾಣುತ್ತದೆ. ಏಳನೆಯ ದಿನ ಬೆಳಗ್ಗೆ ಮಕ್ಕಳು ಬಂದು ಕಿಟಕಿಯ ಬೆಳಕಿನಲ್ಲೇ ನೀಲಿ ಪಟ್ಟೆಗಳನ್ನು ನೋಡಿ, ಓಡಿದ ದೂರ ಅಳೆದು, 195ಕ್ಕೆ ಹೊಂದುವುದೇ ಎಂದು ತಾವೇ ನಿರ್ಧರಿಸಬಹುದು. ಹಣ ಸ್ವಲ್ಪ ಉಳಿದರೆ ಸೇರಿಸಿದ ವಂಶವಾಹಿಯಿಂದ ಗಿಡ ತಯಾರಿಸುವ ಬಿಟಿ ಪ್ರೋಟೀನ್ ಪತ್ತೆ ಮಾಡುವ ಕಾಗದದ ಪಟ್ಟಿಗಳನ್ನೂ ತರಿಸಿ. ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಡಿಎನ್‌ಎ ಒಂದು ಹೇಳಿ ಪ್ರೋಟೀನ್ ಇನ್ನೊಂದು ಹೇಳಿದರೆ ಆ ಚರ್ಚೆಗೆ ಒಂದಿಡೀ ಮಧ್ಯಾಹ್ನ ಕೊಟ್ಟರೂ ನಷ್ಟವಿಲ್ಲ.

ಬೆಳಗುವ ಬ್ಯಾಕ್ಟೀರಿಯಾದ ಕಿಟ್ ಬಗ್ಗೆ: ಬೇಡ. ವಿಧಾನ ಸುಂದರವಾದದ್ದೇ, ಆ ಬ್ಯಾಕ್ಟೀರಿಯಾ ಸಹ ದುರ್ಬಲ ತಳಿಯದು. ಆದರೆ ಅದು ವಂಶವಾಹಿ ಮಾರ್ಪಾಡಿನ ಕೆಲಸ. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಕೆಲಸ ಜೈವಿಕ ಸುರಕ್ಷತಾ ಸಮಿತಿ ಇರುವ ಸಂಸ್ಥೆಯಲ್ಲಿ ನಡೆಯಬೇಕು. ಜೊತೆಗೆ ಪ್ರತಿಜೀವಕಕ್ಕೆ ಬಗ್ಗದ ಬ್ಯಾಕ್ಟೀರಿಯಾ ತುಂಬಿದ ತಟ್ಟೆಗಳನ್ನು ಒತ್ತಡದ ಹಬೆಯಲ್ಲಿ ಸರಿಯಾಗಿ ಕೊಂದು ವಿಲೇವಾರಿ ಮಾಡುವ ವ್ಯವಸ್ಥೆ ಶಿಬಿರದಲ್ಲಿ ಇರುವುದಿಲ್ಲ. ಸಮಿತಿ ಇರುವ ಪ್ರಯೋಗಾಲಯವೊಂದು ಕರೆದರೆ ಹೋಗಿ ನೋಡಿ ಬನ್ನಿ.

ಮಕ್ಕಳ ಸ್ವಂತ ಡಿಎನ್‌ಎ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಗಟ್ಟಿ. ಕಹಿ ರುಚಿಯ ವಂಶವಾಹಿ ನೋಡುವ ಪ್ರಯೋಗ ಹಲವೆಡೆ ಜನಪ್ರಿಯ. ಅಪ್ಪ ಅಮ್ಮ ಇಬ್ಬರಿಗೂ ಕಹಿ ಗೊತ್ತಾಗುವುದಿಲ್ಲ, ಮಗುವಿಗೆ ಗೊತ್ತಾಗುತ್ತದೆ ಎಂದಾದರೆ ಊರಿನ ಬಾಯಿಗೆ ಆಹಾರ ಸಿಕ್ಕಂತೆ. ಅದೂ ಈ ಗುಣ ಪಾಠದ ನಿಯಮದಂತೆ ಚಾಚೂ ತಪ್ಪದೆ ಇಳಿದು ಬರುವಂಥದ್ದಲ್ಲ, ಆದ್ದರಿಂದ ಆ ಅನುಮಾನಕ್ಕೆ ಆಧಾರವೇ ಇರುವುದಿಲ್ಲ. ಸಿಕಲ್ ಸೆಲ್ ರಕ್ತಹೀನತೆಯ ವಂಶವಾಹಿ ನಮ್ಮ ಕಾಡಂಚಿನ ಕೆಲವು ಆದಿವಾಸಿ ಸಮುದಾಯಗಳಲ್ಲಿದೆ, ಆ ಮಕ್ಕಳೂ ಶಿಬಿರಕ್ಕೆ ಬರುತ್ತಾರೆ, ಬರಬೇಕು. ತನ್ನ ದೇಹದ ಸಂಗತಿಯನ್ನು ಒಂದು ಮಗು 23 ಜನರ ಎದುರು ಮೊದಲ ಬಾರಿಗೆ ತಿಳಿಯಬಾರದು. ಇಷ್ಟಾದರೂ 'ಡಿಎನ್‌ಎ ನೋಡಿ ಜಾತಿ ಹೇಳಬಹುದೇ?' ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಪ್ರಶ್ನೆಯನ್ನು ಬದಿಗೆ ಸರಿಸಬೇಡಿ. ಜಾತಿಗೆಂದು ಯಾವ ವಂಶವಾಹಿಯೂ ಇಲ್ಲ, ಯಾರ ಡಿಎನ್‌ಎಯಲ್ಲೂ ಜಾತಿ ಬರೆದಿಲ್ಲ, ಅದು ಮನುಷ್ಯರು ಮಾಡಿಕೊಂಡ ವಿಂಗಡಣೆ ಎಂದು ನೇರವಾಗಿ ಹೇಳಿ. ಆ ಉತ್ತರವನ್ನು ಮಕ್ಕಳು ಮನೆಗೆ ಒಯ್ಯುತ್ತಾರೆ.

ಖರ್ಚಿನಲ್ಲಿ ದೊಡ್ಡ ಪಾಲು ಪಿಪೆಟ್‌ಗಳದ್ದು. ಒಂದೊಂದಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಎರಡರಿಂದ ಇಪ್ಪತ್ತು ಮೈಕ್ರೋಲೀಟರಿನದು ಗುಂಪಿಗೊಂದರಂತೆ ಎಂಟು ಬೇಕೇ ಬೇಕು, ಇಪ್ಪತ್ತರಿಂದ ಇನ್ನೂರರದು ಎರಡು ಗುಂಪಿಗೊಂದು ಸಾಕು. ಹಣ ಮುಗಿದರೆ ಉಳಿದದ್ದನ್ನು ಕಡಿತ ಮಾಡಿ, ಇದನ್ನಲ್ಲ. ಪಿಪೆಟ್ ಮುಂದಿನ ವರ್ಷಕ್ಕೂ ಬರುತ್ತದೆ. ಬೋರ್‌ವೆಲ್ ನೀರಿನ ಗಡಸುತನ ಬಫರನ್ನೂ ಪಿಸಿಆರನ್ನೂ ಕೆಡಿಸುತ್ತದೆ, ಬಫರಿಗೆ ಬಟ್ಟಿ ಇಳಿಸಿದ ನೀರು, ಪಿಸಿಆರ್‌ಗೆ ಅದಕ್ಕೆಂದೇ ಸಿಗುವ ಶುದ್ಧ ನೀರು ಬಳಸಿ. ಏಪ್ರಿಲ್‌ನಲ್ಲಿ ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಕಿಣ್ವದ ಮಿಶ್ರಣವನ್ನು ಫ್ರೀಜರಿನೊಳಗೂ ಹೆಪ್ಪುಗಟ್ಟಿದ ಜೆಲ್ ಚೀಲಗಳ ನಡುವೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿಡಿ, ಪಿಸಿಆರ್ ನಡೆಯುವ ಎರಡು ಗಂಟೆಗೆ ಯುಪಿಎಸ್ ಅಥವಾ ಜನರೇಟರ್ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಕೊನೆಯ ದಿನ ಪಾಲಕರು ಬಂದಾಗ ಭಾಷಣದ ಬದಲು ಅವರ ಕೈಗೂ ಪಿಪೆಟ್ ಕೊಡಿಸಿ, ಹೇಳಿಕೊಡುವುದು ಮಕ್ಕಳ ಕೆಲಸವಾಗಲಿ. ತಪ್ಪಿದ ಗುಂಪುಗಳ ಜೆಲ್‌ಗಳನ್ನೂ ಸರಿಯಾದವುಗಳ ಪಕ್ಕದಲ್ಲೇ ಇಡಿ. ಈಗ ನೀವು ತುರ್ತಾಗಿ ಮಾಡಬೇಕಾದದ್ದು ಮೂರು ಕೆಲಸ. ಪ್ರೈಮರ್‌ಗಳನ್ನು ತಯಾರಿಸಿ ಕೊಡುವವರಿಗೆ ಈ ತಿಂಗಳೇ ಹೇಳಿ, ತಯಾರಾಗಿ ಬರಲು ವಾರ ಹತ್ತು ದಿನ ಹಿಡಿಯಬಹುದು. ಶಿಬಿರಕ್ಕೆ ಎರಡು ವಾರ ಮೊದಲು ಬೀಜ ಬಿತ್ತಿ, ಎಳೆ ಎಲೆ ಸರಿಯಾದ ಹೊತ್ತಿಗೆ ಸಿಗುತ್ತದೆ. ಮತ್ತು ಶಿಬಿರಕ್ಕೆ ಮೊದಲು ಈ ಇಡೀ ಕೆಲಸವನ್ನು, ಎಲೆಯಿಂದ ನೀಲಿ ಪಟ್ಟೆಯ ತನಕ, ಅದೇ ನೀರು, ಅದೇ ಪಿಪೆಟ್‌ಗಳಲ್ಲಿ ನೀವೊಮ್ಮೆ ಪೂರ್ತಿ ಮಾಡಿ ನೋಡಿ. ಎಲ್ಲಾದರೂ ಪಟ್ಟೆ ಬರದಿದ್ದರೆ ಯಾವ ಗುಳಿಯಲ್ಲಿ ಏನು ಹಾಕಿದ್ದಿರಿ ಎಂಬ ವಿವರದೊಡನೆ ಜೆಲ್‌ನ ಚಿತ್ರ ಕಳುಹಿಸಿ, ನೋಡಿ ಉತ್ತರಿಸುತ್ತೇನೆ.